ಗೋಡೆಯಾಚೆಯ ಸಾಲು

1962 ಅಕ್ಟೋಬರ್ 9, ಮಂಗಳವಾರ, ನ್ಯೂಯಾರ್ಕ್

ಕಾಫಿ ಅಂಗಡಿಯವಳ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಬೆಳಗ್ಗೆ ರೇಡಿಯೊದಲ್ಲಿ ನಮ್ಮ ಹಾಡು ಬಂದಾಗ, "ಪಾಪ, ಆ ಹುಡುಗಿ ಎಷ್ಟು ನೊಂದ್ಕೊಂಡು ಬರ್ದಿದಾಳೋ" ಎಂದು ಕಣ್ಣೊರೆಸಿಕೊಂಡಳು. ಹಾಡಿದವಳು ಅದರಲ್ಲಿ ಒಂದಕ್ಷರವನ್ನೂ ಬರೆದಿಲ್ಲ. ನನ್ನ ಜೊತೆಗಾರ ಮಿಲ್ಟನ್ ಪಿಯಾನೊ ಮುಂದೆ ಕೂತು ರಾಗ ಹಾಕಿದ, ನಾನು ಪದ ಹೊಂದಿಸಿದೆ. ಕಡೆಯ ಸಾಲು ಮಾತ್ರ ಆಫೀಸಿನ ಪಕ್ಕದ ಕೋಣೆಯ ಬರ್ನೀಸ್‌ಳದು. ಅದೇ ಗಾಯಕಿಗಾಗಿ ಅವಳೂ ಹಾಡು ಕಟ್ಟುತ್ತಿದ್ದಳು. ನಾನು ಒಂದೇ ಕಡೆ ತಡವರಿಸುವುದನ್ನು ಕೇಳಲಾರದೆ, ತೆಳು ಗೋಡೆಯ ಆಚೆಯಿಂದಲೇ ಆ ಸಾಲನ್ನು ಕೂಗಿ ಹೇಳಿದ್ದಳು. ಆ ಶುಕ್ರವಾರ ನಮ್ಮ ಹಾಡಿನ ಕಂಪನಿಯ ಯಜಮಾನರು ಎರಡರಲ್ಲಿ ಆರಿಸಿದ್ದು ನಮ್ಮದನ್ನು.

"ನಿನ್ನ ಹೆಸ್ರೂ ಹಾಕಿಸ್ತೀನಿ ಕಣೇ" ಎಂದಿದ್ದೆ.

"ಗೋಡೆ ಹೆಸ್ರು ಹಾಕ್ಸು. ನಿನ್ನ ಗೋಳು ನಿಂತ್ರೆ ಸಾಕಾಗಿತ್ತು ನಂಗೆ" ಎಂದು ನಕ್ಕಿದ್ದಳು.

ಇವತ್ತು ಮಧ್ಯಾಹ್ನ ಗೋಡೆಯಾಚೆ ಅವಳ ಹೊಸ ಹಾಡು ಒಂದೇ ಜಾಗದಲ್ಲಿ ನಾಲ್ಕು ಸಲ ನಿಂತಿತು. ಅಲ್ಲಿಗೆ ಬೇಕಾದ ಪದ ನನಗೆ ಎರಡನೇ ಸಲಕ್ಕೇ ಹೊಳೆದಿತ್ತು. ಮಿಲ್ಟನ್ ನನ್ನ ಮುಖ ನೋಡಿದ. ಈ ಶುಕ್ರವಾರವೂ ಯಜಮಾನರಿಗೆ ಬೇಕಾಗಿರುವುದು ಒಂದೇ ಹಾಡು.

ಗೋಡೆ ತೀರಾ ತೆಳು. ನಾನು ಸುಮ್ಮನಿದ್ದದ್ದೂ ಅವಳಿಗೆ ಕೇಳಿಸಿರಬೇಕು.