ಬರ್ತೀವಿ ಅನ್ನಿ

ಫೆಬ್ರವರಿ 3, ಸೋಮವಾರ

ಇವತ್ತು ನಲವತ್ತೊಂದು ಕಾಲ್. ಎಲ್ಲ ಬಸ್ ಟಿಕೆಟ್ ಆ್ಯಪಿನ ಗೋಳೇ. ಮೂವರು ಬೈದರು, ಒಬ್ಬರು ಅತ್ತರು, ಉಳಿದವರು ಅವಸರದಲ್ಲಿದ್ದರು. ಮಾತು ಮುಗಿದ ಮೇಲೆ ಗ್ರಾಹಕರು ಒಂದರಿಂದ ಐದರವರೆಗೆ ಯಾವುದಾದರೂ ನಂಬರ್ ಒತ್ತಬೇಕು. ನನ್ನ ಸರಾಸರಿ 4.3.

ಕೊನೆಯಲ್ಲಿ ಹೇಳಬೇಕಾದದ್ದು "ತಮಗೆ ಇನ್ನೇನಾದರೂ ಸಹಾಯ ಬೇಕೇ?" ನನ್ನ ಬಾಯಿಗೆ ಬಂದದ್ದು "ಹೋಗಿ ಬನ್ನಿ." ಹುಟ್ಟುಗುಣ ಸುಟ್ಟರೂ ಹೋಗದಂತೆ, ನನ್ನದು ಕೌಂಟರ್ ಗುಣ. ಸೂಪರ್‌ವೈಸರ್ ಹುಡುಗಿ ಹೆಡ್‌ಫೋನ್ ಸರಿಸಿ, "ಆಂಟಿ, ಸ್ಕ್ರಿಪ್ಟಲ್ಲಿ ಅದಿಲ್ಲ" ಅಂದಳು. ಮಾರ್ಕು ಕಟ್.

ಮನೆಯಲ್ಲಿ ಅಣ್ಣ ಎಂದಿನಂತೆ. ಗೋಡೆ ನೋಡುತ್ತ ಅತ್ತಿಗೆಗೆ ಹೇಳಿದ, "ಅವಳಿಗೆ ಹೇಳು, ಕೋಣೆ ಬಿಟ್ಟು ಬರುವಾಗ ಫ್ಯಾನ್ ಆರಿಸ್ಲಿ." ನಾನು ಎರಡಡಿ ದೂರದಲ್ಲಿದ್ದೆ. ಈ ಕೆಲಸಕ್ಕೆ ಸೇರಿದ ದಿನ "ನಮ್ಮ ಟಿಕೆಟ್ ಅಂಗಡಿ ಮುಚ್ಚಿಸಿದವರ ಹತ್ರಾನೇ ಹೋದ್ಯಾ?" ಅಂದದ್ದೇ ಕೊನೆ. ಏಳು ತಿಂಗಳಾಯಿತು.

ಫೆಬ್ರವರಿ 6

ಟ್ರೈನಿಂಗ್. ಗ್ರಾಹಕರ ತೃಪ್ತಿಗೆ ಏನು ಮುಖ್ಯ? ಬೋರ್ಡಿನ ಮೇಲೆ ಬರೆದರು — ವೇಗ, ಬೆಲೆ, ಸುಲಭ, ನಂಬಿಕೆ. ಸುಳ್ಳೇನಲ್ಲ. ಬರೆದುಕೊಂಡೆ. ತಲೆ ಮಾತ್ರ ನಮ್ಮ ಕೌಂಟರಿನಲ್ಲಿತ್ತು...

ಮೆಟ್ಟಿಲ ಕೆಳಗಿನ ಕೋಣೆ. ಅಣ್ಣ, ನಾನು ಕೂತರೆ ಮೂರನೆಯವರಿಗೆ ಉಸಿರಾಡಲು ಜಾಗವಿಲ್ಲ. ಕಾರ್ಬನ್ ಹಾಳೆಯಿಂದ ನನ್ನ ಬೆರಳು ಸದಾ ನೀಲಿ. ರಿಜಿಸ್ಟರಿನಲ್ಲಿ ಹೆಸರಿನ ಪಕ್ಕ ನನ್ನ ಟಿಪ್ಪಣಿ: "ಮಂಡಿನೋವು, ಮುಂದಿನ ಸೀಟು." "ವಾಂತಿ, ಕಿಟಕಿ." "ಗೊರಕೆ — ಒಂಟಿ ಸೀಟು ಕೊಟ್ಟರೆ ಬಸ್ಸಿಗೆಲ್ಲ ಉಪಕಾರ."

ಅಣ್ಣ ಟಿಕೆಟ್ ಬರೆದು ಕಿಂಡಿಯಿಂದ ಚಾಚುತ್ತಿದ್ದ. ಅವರು "ಹೋಗ್ತೀವಿ" ಅಂದರೋ, ಟಿಕೆಟ್ ಹಿಂದಕ್ಕೆ. "ಹೋಗಿ ಬರ್ತೀವಿ ಅನ್ನಿ." ಅನ್ನುವವರೆಗೂ ಕೊಡುತ್ತಿರಲಿಲ್ಲ. ಊರು ಬಿಟ್ಟೇ ಹೋಗುವವರ ಬಾಯಲ್ಲೂ ಹೇಳಿಸುತ್ತಿದ್ದ. ಬಸ್ಸು ತಪ್ಪುತ್ತದೆ ಎಂದು ಬೈಯುತ್ತಲೇ ಹೇಳುತ್ತಿದ್ದರು, ನಗುತ್ತಿದ್ದರು. ಆ ದಿನಗಳು ಬೇಕು ನನಗೆ. ಅಣ್ಣನೂ ಬೇಕು.

ಫೆಬ್ರವರಿ 18

ಪಕ್ಕದ ಸೀಟಿನವಳು ಗೊಣಗಿದಳು. ಯಾರೋ ಮುದುಕಪ್ಪ ಮೂರು ದಿನದಿಂದ ಫೋನ್ ಮಾಡುತ್ತಾನಂತೆ, ಇವಳ ದನಿ ಕೇಳಿದ್ದೇ "ನೀವಲ್ಲ" ಅಂದು ಇಟ್ಟುಬಿಡುತ್ತಾನಂತೆ. ಎದುರಿನವಳಿಗೂ ಹಾಗೇ. ಪಾಪ, ಯಾರನ್ನು ಹುಡುಕುತ್ತಿದ್ದಾನೋ.

ಫೆಬ್ರವರಿ 20, ಮಧ್ಯಾಹ್ನ

ಮುದುಕಪ್ಪ ನನಗೇ ಸಿಕ್ಕಿದ. ಗಂಟಲು ಸರಿಮಾಡಿಕೊಂಡ ಸದ್ದಿಗೇ ಗೊತ್ತಾಯಿತು — ಅಣ್ಣ! ದನಿ ಮರೆಸಲು ಬಾಯಿಗೆ ಕರವಸ್ತ್ರ ಇಟ್ಟುಕೊಂಡಿದ್ದನೇನೋ.

"ಈ ಆ್ಯಪು ನನಗೆ ಬಗ್ಗಲ್ಲಮ್ಮ. ಸಮುದ್ರದ ಕಡೆಗೆ ಎರಡು ಟಿಕೆಟ್. ನನಗೆ, ನಮ್ಮನೆಯವಳಿಗೆ."

ಮೂವತ್ತು ವರ್ಷ ಊರಿನವರನ್ನೆಲ್ಲ ಸಮುದ್ರಕ್ಕೆ ಕಳಿಸಿದವನು, ತಾನು ನೋಡಿಲ್ಲ. ಕಾಲ್ ರೆಕಾರ್ಡ್ ಆಗುತ್ತದೆ. ನಾನೂ ಗುರುತಿಲ್ಲದವಳಾದೆ.

"ವಯಸ್ಸು, ಸರ್?"

"ಐವತ್ತೆಂಟು."

ಅರವತ್ತಾರು ಎಂದು ಹಾಕಿ, ಓದಿ ಹೇಳಿದೆ. ಕೆಮ್ಮಿದ.

"ಕಿಟಕಿ ಯಾರಿಗೆ?"

"ಅವಳಿಗೆ."

"ತಮಗೆ ಇನ್ನೇನಾದರೂ ಸಹಾಯ ಬೇಕೇ?"

ಫೋನ್ ಇಡಲಿಲ್ಲ. "ಏನೋ ಹೇಳೋದು ಮರೆತ್ರಿ ನೀವು."

ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ದಳು. ಮಾರ್ಕು ಹೋದರೆ ಹೋಗಲಿ. "ಹೋಗಿ ಬನ್ನಿ, ಸರ್."

"ಹ್ಞೂಂ" ಅಂದ. ನಾನು ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಅದೇ ದಿನ, ಸಂಜೆ

ಓಡೋಡಿ ಬಂದೆ. ಅಣ್ಣ ಗೋಡೆ ನೋಡುತ್ತ, "ಅವಳಿಗೆ ಹೇಳು, ಚಪ್ಪಲಿ ಹೊರಗೆ ಬಿಡ್ಲಿ." ಫೋನಿನಲ್ಲಿ ನಾನು "ಅಮ್ಮ", ಮನೆಯಲ್ಲಿ "ಅವಳು"!

ಮಾರ್ಚ್ 1, ಬೆಳಿಗ್ಗೆ

ಬಸ್ ಸ್ಟ್ಯಾಂಡಿಗೆ ಬಿಡುವ ಕಾರು ಗೇಟಿನ ಮುಂದೆ ಬಂತು. ಫೋನಿನೊಳಗಿನ ಟಿಕೆಟ್ ಅಣ್ಣನಿಗೆ ಟಿಕೆಟ್ಟೇ ಅಲ್ಲ. ನಾನೇ ಪ್ರಿಂಟ್ ತಂದಿದ್ದೆ. ಬ್ಯಾಗು ಹಿಡಿದು, ಮಾತಿಲ್ಲದೆ ಕೈ ಚಾಚಿದ. ಕೊಡಲು ಹೋಗಿ — ಹಿಂದಕ್ಕೆ ಎಳೆದುಕೊಂಡೆ.

"ಹೋಗಿ ಬರ್ತೀವಿ ಅನ್ನು."

ಅತ್ತಿಗೆ ಕಡೆ ತಿರುಗಿದ. "ಅವಳಿಗೆ ಹೇಳು..."

"ನೀವೇ ಹೇಳಿ" ಅಂದರು ಅತ್ತಿಗೆ. ಹೋಗಿ ಕಾರಿನಲ್ಲಿ ಕೂತರು.

ಗಂಟಲು ಸರಿಮಾಡಿಕೊಂಡ. ನನ್ನ ಮುಖ ನೋಡಿದ.

"ಹೋಗಿ ಬರ್ತೀವಿ, ಪುಟ್ಟಿ." ಟಿಕೆಟ್ ಕಿತ್ತುಕೊಂಡ. "ಆವತ್ತು ನಾಲ್ಕು ಒತ್ತಿದೆ. ಐದು ಒತ್ತಿದ್ರೆ ಮನೆಯವ್ರು ಅಂತ ಗೊತ್ತಾಗ್ತಿತ್ತಲ್ಲ."

ನಾಲ್ಕಂತೆ! ನನ್ನ ಸರಾಸರಿ ಇಳಿಸಿದ ಜಾಣ... ಕಾರು ಮರೆಯಾಗುವವರೆಗೂ ಗೇಟಿನಲ್ಲೇ ನಿಂತಿದ್ದೆ. ಒಳಗೆ ಬಂದರೆ ಅವನ ಕೋಣೆಯ ಫ್ಯಾನ್ ತಿರುಗುತ್ತಲೇ ಇದೆ. ಆರಿಸೋಣವೆಂದರೆ ಮನಸ್ಸೇ ಬರುತ್ತಿಲ್ಲ.