ಹಿಂದಿನ ಕೋಣೆಯ ಕೇಬಲ್

ಸಿಂಧನೂರು
4 ಮಾರ್ಚ್ 1999, ಗುರುವಾರ

ಎಂಟನೆಯ ಅಧ್ಯಾಯದ ಪ್ರೂಫ್ ಮುಗಿಯಿತು. ಅನುವಾದಕರು ಹಿಮದ ಮೇಲೆ ಜಾರುವ ಗಾಡಿಯನ್ನು ‘ಟಾಂಗಾ’ ಎಂದಿದ್ದಾರೆ. ಗುರುತು ಹಾಕಿ ಧಾರವಾಡದ ಪ್ರಕಾಶಕರಿಗೆ ಇ-ಮೇಲ್ ಮಾಡಿದೆ. ನನ್ನ ಕೋಣೆಯಿಂದಲೇ. ಮಸ್ಕಿಯ ಕಂಪ್ಯೂಟರ್ ಮೆಕ್ಯಾನಿಕ್ ಲಾಲಪ್ಪ ಎಳೆದ ಕೇಬಲ್ — ಒಂದು ತುದಿಗೆ ಅಣ್ಣನ ಭತ್ತದ ಆಫೀಸು, ನಡುವೆ ಫೋನಿರುವ ಹಾಲ್‌ನ ಕಂಪ್ಯೂಟರ್, ಇನ್ನೊಂದು ತುದಿಗೆ ನನ್ನದು. ಮೂರಕ್ಕೂ ಇಂಟರ್ನೆಟ್ ಒಂದೇ.

ಹಾಲ್‌ನಲ್ಲಿ ದಿನವಿಡೀ ವ್ಯಾಪಾರಿಗಳು. ಹೆಣ್ಣುಮಗಳು ನಾನು ಅಲ್ಲಿ ಕೂರುವುದು ಅಣ್ಣನಿಗೆ ಆಗದು.

7 ಮಾರ್ಚ್

ನಾನು ಲೈನ್ ಹಿಡಿದರೆ ಅಣ್ಣನಿಗೆ ಇಂಟರ್ನೆಟ್‌ನಲ್ಲಿ ಭತ್ತದ ರೇಟು ನಿಧಾನ ಬರುತ್ತದಂತೆ. ಊಟಕ್ಕೆ ಕೂತಾಗ ಅಣ್ಣ ಗೊರೇಬಾಳದ ಹೊಲದ ಲೆಕ್ಕ ತೆಗೆದ.

“ಕೆಳಗಿನ ತೂಬು ಮುಚ್ಚಿದ್ರ ಮ್ಯಾಲಿನ ಹೊಲಕ್ಕ ನೀರು ಜೋರು. ನೀ ಪಾಳಿ ಮ್ಯಾಲೆ ತಗೋ. ನಾ ಆಫೀಸು ಮುಚ್ಚಿದ ಮ್ಯಾಲೆ.”

“ಇದು ನೀರಲ್ಲಣ್ಣ.”

“ಕಥಿ ಓದಾಕ ಇಷ್ಟು ಅವಸರ ಏನವ್ವ? ಪುಸ್ತಕ ಎದ್ದು ಓಡಿ ಹೊಕ್ಕೈತೇನು?” — ಅಣ್ಣನ ಹೆಂಡತಿ, ಶೇಖರಮ್ಮ ವೈನಿ.

ನಾನು ಪಾಳಿ ಒಪ್ಪಲಿಲ್ಲ.

11 ಮಾರ್ಚ್

ಲೈನ್ ಇಲ್ಲ. ಅಂಗಳದಲ್ಲಿ ನನ್ನ ಕೋಣೆಗೆ ಬರುವ ಕೇಬಲನ್ನು ಯಾರೋ ಕತ್ತರಿಸಿದ್ದಾರೆ. ಅಣ್ಣನನ್ನು ಕೇಳಿದೆ. “ತೂಬು ಮುಚ್ಚೀನಿ,” ಎಂದ.

ಹತ್ತನೆಯ ಅಧ್ಯಾಯಕ್ಕೆ ಸೋಮವಾರ ಗಡುವು. ತಪ್ಪಿದರೆ ಉಳಿದ ಪುಸ್ತಕ ಬೇರೆಯವರಿಗೆ — ಪ್ರಕಾಶಕರು ಮೊದಲೇ ಬರೆದಿದ್ದಾರೆ.

ಮಧ್ಯಾಹ್ನ ಆಫೀಸಿನಲ್ಲಿ ಕೂಗಾಟ. ಅವನದೂ ನಿಂತಿದೆ…

12 ಮಾರ್ಚ್, ಶುಕ್ರವಾರ

ಲಾಲಪ್ಪ ಬಂದ. ಕತ್ತರಿಸಿದ್ದನ್ನು ನೋಡಿ ನಕ್ಕ.

“ಸಾವ್ಕಾರ್ರ, ಇದು ಕಾಲುವಿ ಅಲ್ರಿ. ಎರಡೂ ತುದಿಗೆ ಮುಚ್ಚಳದಂಗ ಕ್ಯಾಪ್ ಇರಬೇಕು. ಒಂದು ತುದಿ ಬಿಚ್ಚಿ ಬಿಟ್ರೂ ಇಡೀ ಲೈನ್ ಸತ್ತಂಗ.”

“ಹಂಗಾದ್ರ ಹಾಲ್‌ನಾಗ ಕ್ಯಾಪ್ ಹಾಕು. ಆಕಿದು ಬಿಟ್ಟುಬಿಡು.”

“ಆಕೈತ್ರಿ. ಆದ್ರ ನನ್ನ ಕಡೆ ಬ್ಯಾರೆ ಕ್ಯಾಪ್ ಇಲ್ಲ. ಅಕ್ಕಾರ ಕಡೇದು ಬಿಚ್ಚಬೇಕು.”

ಕೋಣೆಗೆ ಹೋಗಿ ನಾನೇ ಬಿಚ್ಚಿದೆ. ಮುಷ್ಟಿಯಲ್ಲಿ ಹಿಡಿದು ಬಂದೆ.

“ಕೊಡಬೇ,” ಎಂದ ಅಣ್ಣ.

“ಮೊದಲು ಕೇಬಲ್ ಜೋಡಿಸಲಿ. ಇದು ನನ್ನ ಕಂಪ್ಯೂಟರಿಗೇ ಹತ್ತತೈತಿ. ಪಾಳಿ ಗೀಳಿ ಇಲ್ಲ.”

“ಅಲ್ಲಿತನಕ ನಾ ರೇಟು ಹೆಂಗ ನೋಡ್ಲಿ?”

“ಹಾಲ್‌ನಾಗ ಕುಂತು ನೋಡು. ಫೋನ್ ಅಲ್ಲೇ ಐತಿ, ಅದಕ್ಕ ಕೇಬಲ್ ಬೇಡ.”

ಹಾಲ್‌ನಲ್ಲಿ ಆಗಲೇ ಮುಕ್ಕುಂದದ ವ್ಯಾಪಾರಿಗಳು ಕೂತಿದ್ದರು. ಅವರ ಕಣ್ಣೆದುರು ರೇಟು ತೆಗೆದರೆ ಅವನ ವ್ಯಾಪಾರ ಮುಗಿದಂತೆ. ಲಾಲಪ್ಪ ಚೀಲ ಬಿಚ್ಚತೊಡಗಿದ.

“ಜೋಡಿಸೋ ಲಾಲಪ್ಪ,” ಎಂದ ಅಣ್ಣ, ಗೋಡೆಯ ಕಡೆ ನೋಡುತ್ತ.

14 ಮಾರ್ಚ್, ಸಂಜೆ

ಹತ್ತನೆಯ ಅಧ್ಯಾಯ ಕಳಿಸುತ್ತಿದ್ದೇನೆ. ಲೈನ್ ನಿಧಾನ. ಆಫೀಸಿನಿಂದ ಅಣ್ಣ ಕೂಗಿದ: “ತಂಗೀ, ಒಂದೀಟು ನಿಂದ್ರಸ್ತೀಯೇನು?”

“ಇಲ್ಲ,” ಎಂದೆ.

ಈಗ ಅಂಗಳದಲ್ಲಿ ಅವನ ಚಪ್ಪಲಿಯ ಸದ್ದು. ನನ್ನ ಬಾಗಿಲಿಗೇ ಬರುತ್ತಿದ್ದಾನೆ. ಬರಲಿ. ಅರ್ಧ ಹೋಗಿದೆ, ಇನ್ನರ್ಧ ಹೋಗುವವರೆಗೆ ನಾನು ಏಳುವುದಿಲ್ಲ.