ಮೇಜಿನ ಐದನೇ ಕುರ್ಚಿ

ಜೂನ್ 23, ಸೋಮವಾರ. ಬೆಳಗ್ಗೆ, ಸಮುದ್ರದ ಮೇಲೆ

ಮಾರ್ಗೋ ಇನ್ನೂ ಬಚ್ಚಲಲ್ಲಿ. ಮುಕ್ಕಾಲು ಗಂಟೆ ಆಯಿತು. ಅದರೊಳಗೆ ನಾನು ತಿರುಗಿದರೆ ಮೊಣಕೈ ಗೋಡೆಗೆ ಬಡಿಯುತ್ತದೆ. ಇವಳು ಏನು ಮಾಡುತ್ತಾಳೋ ದೇವರೇ ಬಲ್ಲ. ಹದಿನೈದು ವರ್ಷದ ಮಗಳು. ಬಾಗಿಲು ತಟ್ಟಿದರೆ "ಬಂದೇ ಅಪ್ಪಾ, ಸುಮ್ನಿರು."

ಹಡಗಿನ ಒಳಗಿನ ಕ್ಯಾಬಿನ್. ಕಿಟಕಿ ಇಲ್ಲ. ಅದೇ ಅಗ್ಗದ್ದು. ಮೂವರಿಗೆಂದು ಕಳೆದ ಚಳಿಗಾಲದಲ್ಲಿ ಬುಕ್ ಮಾಡಿದ್ದೆ. ಮಾರ್ಚಿನಲ್ಲಿ ಜನೆಲ್ ಮನೆ ಬಿಟ್ಟಳು. "ಲೈಲ್, ಇನ್ನು ನನ್ನ ಕೈಲಿ ಆಗಲ್ಲ" ಅಂದಳು, ಟಕೋಮಾದಲ್ಲಿ ಮನೆ ಹಿಡಿದಳು. ಅಷ್ಟೇ. ಹೆಂಡತಿ ಹೋದರೂ ಟಿಕೆಟ್ ಹಾಗೇ ಉಳಿಯಿತು. ಅಪ್ಪ ಮಗಳು ಇಬ್ಬರೇ ಅಲಾಸ್ಕಾಗೆ.

ಬರುವ ಭಾನುವಾರ ಹಡಗು ಸಿಯಾಟಲ್‌ಗೆ ವಾಪಸಾದಾಗ ಜನೆಲ್ ಬಂದರಿಗೆ ಬರುತ್ತಾಳೆ. ಮಾರ್ಗೋ ಅವಳ ಜೊತೆ ಟಕೋಮಾಗೆ ಹೋಗಿ ಅಲ್ಲೇ ಇರುತ್ತಾಳೋ, ನನ್ನ ಜೊತೆ ಯಾಕಿಮಾದ ಮನೆಗೆ ವಾಪಸಾಗುತ್ತಾಳೋ... ಅಷ್ಟರೊಳಗೆ ತಾನೇ ಹೇಳಬೇಕು. ನಾನು ಕೇಳಬಾರದು ಎಂದು ಜನೆಲ್ ಜೊತೆ ಮಾತಾಗಿದೆ. ಕೇಳಿಲ್ಲ. ನಾಲಿಗೆ ಕಚ್ಚಿಕೊಂಡು ಕೂತಿದ್ದೇನೆ.

ನಿನ್ನೆ ರಾತ್ರಿಯ ಊಟದ ವಿಷಯ. ಇಲ್ಲಿ ಮೇಜು ಅವರೇ ಗೊತ್ತುಮಾಡುತ್ತಾರೆ. ವಾರವಿಡೀ ಅದೇ ಮೇಜು, ಅದೇ ಗುರುತಿಲ್ಲದ ಜನ. ನಮಗೆ ಸಿಕ್ಕವರು ನೆಬ್ರಾಸ್ಕಾದ ವಯಸ್ಸಾದ ಗಂಡ ಹೆಂಡತಿ, ಡ್ವೇನ್ ಮತ್ತು ಆರ್ಲೀನ್. ಐದು ಕುರ್ಚಿ, ಐದು ತಟ್ಟೆ. ಆರ್ಲೀನ್ ಖಾಲಿ ಕುರ್ಚಿ ನೋಡಿ, "ಇಲ್ಲಿ ಮನೆಯವ್ರು ಕೂರ್ತಾರೇನಪ್ಪಾ?"

ಬಾಯಿ ತೆರೆದೆ. ನೀರಿನ ಲೋಟ ಎತ್ತಿಕೊಂಡೆ.

ಮಾರ್ಗೋ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ. "ಅಮ್ಮಂಗೆ ಹಡಗು ಆಗಿಬರಲ್ಲ. ವಾಂತಿ. ಕ್ಯಾಬಿನ್ನಲ್ಲಿ ಮಲ್ಗಿದಾಳೆ."

ಸಮುದ್ರವೋ ಅಲ್ಲಾಡದೆ ತಟ್ಟೆಯ ನೀರಿನ ಹಾಗೆ ಬಿದ್ದಿತ್ತು! ಬಡಿಸುವ ವಾಯನ್ ಓಡಿ ಹೋಗಿ ಹಸಿರು ಸೇಬು, ಒಣ ಬಿಸ್ಕತ್ತು ತಂದ. "ಮೇಡಂಗೆ ಕೊಡಿ ಸರ್. ಹಡಗಲ್ಲಿ ಇದಕ್ಕಿಂತ ಔಷಧಿ ಇಲ್ಲ."

ಗದರಬೇಕಿತ್ತು. ಗದರಲಿಲ್ಲ. ಅವಳಿಗೆ ಅಮ್ಮ ಬೇಕು ಅನ್ನಿಸಿದೆ ಪಾಪ, ಇರಲಿ ಅಂದುಕೊಂಡೆ. ಕ್ಯಾಬಿನ್ನಿಗೆ ಬಂದು ಆ ಸೇಬನ್ನು ಅವಳೇ ಕಚಕಚ ತಿಂದಳು.

ಜೂನ್ 25, ಬುಧವಾರ. ಮಧ್ಯಾಹ್ನ

ನಿನ್ನೆ ಬರೆಯಲಾಗಲಿಲ್ಲ. ಜೂನೋ ಬಂದರಿನಲ್ಲಿ ಮಳೆ, ಒದ್ದೆ ಶೂ, ಮಾರ್ಗೋ ಕಿವಿಯಲ್ಲಿ ಹಾಡು.

ಇವತ್ತು ಹಿಮನದಿ. ಇಡೀ ಹಡಗು ಮೇಲಿನ ಡೆಕ್ಕಿನಲ್ಲಿ, ಕಂಬಳಿ ಹೊದ್ದು. ಮನೆಯಷ್ಟು ದೊಡ್ಡ ಮಂಜುಗಡ್ಡೆ ಕಳಚಿ ನೀರಿಗೆ ಬಿತ್ತು. ಬಿದ್ದು ಎಷ್ಟೋ ಹೊತ್ತಿನ ಮೇಲೆ ಸದ್ದು ಬಂತು. ಮಾರ್ಗೋ ಕಿವಿಯಿಂದ ಹಾಡು ಕಿತ್ತು "ಅಬ್ಬಾ!" ಅಂದಳು. ಹಡಗು ಹತ್ತಿದ ಮೇಲೆ ಮೊದಲ ಸಲ.

ಆರ್ಲೀನ್ ಪಕ್ಕಕ್ಕೆ ಬಂದಳು. "ಪಾಪ, ಇದನ್ನೂ ನೋಡೋ ಹಾಗಿಲ್ವಲ್ಲಪ್ಪಾ ನಿನ್ನ ಹೆಂಡ್ತಿಗೆ."

"ನೋಡ್ತಿದಾಳೆ" ಅಂದೆ. "ಕಿಟಕೀಲಿ."

ಹಾಳು ಬಾಯಿ! ಡ್ವೇನ್ ಹುಬ್ಬೇರಿಸಿದ. "ನಿಮ್ದು ಕಿಟಕಿ ಇಲ್ಲದ ರೂಮು ಅಂದಿದ್ಯಲ್ಲೋ?"

"ಟೀವೀಲಿ" ಎಂದು ಮಾರ್ಗೋ ಮಧ್ಯೆ ಬಾಯಿ ಹಾಕಿದಳು. "ಹಡಗಿನ ಮುಂದಿನ ಕ್ಯಾಮರಾ ಟೀವೀಲಿ ಬರುತ್ತಲ್ಲ, ಅದನ್ನ ಅಪ್ಪ ಕಿಟಕಿ ಅಂತಾನೆ." ನನ್ನ ಕಡೆ ಒಂಥರಾ ನೋಡಿದಳು. ಸಿಟ್ಟಲ್ಲ. ಏನೆಂದು ಗೊತ್ತಾಗಲಿಲ್ಲ.

ಒಂದು ಸುಳ್ಳಿಗೆ ಇನ್ನೊಂದು. ನನಗೆ ಯಾರು ಹೇಳೆಂದರು? ಆದರೆ ನಿಜ ಬರೆಯಬೇಕೆಂದರೆ — ಹೇಳುವಾಗ ಹಿತವಾಗಿತ್ತು. ಕೆಳಗೆ ಯಾರೋ ಇದ್ದಾಳೆ, ಟೀವಿ ನೋಡುತ್ತಿದ್ದಾಳೆ, ಹೋಗಿ ಮಾತಾಡಿಸಬೇಕು ಅನ್ನುವ ಹಾಗೆ.

ಜೂನ್ 27, ಶುಕ್ರವಾರ. ಸಂಜೆ, ಕೆಚಿಕನ್ ಬಂದರು

ತಲೆ ಕೆಟ್ಟು ಗೊಬ್ಬರ ಆಗಿದೆ.

ಮರದ ಹಲಗೆಯ ಬೀದಿಯಲ್ಲಿ ಕರಿದ ಮೀನು ತಿನ್ನುತ್ತಾ ನಡೆಯುತ್ತಿದ್ದೆವು. ಇದ್ದಕ್ಕಿದ್ದಂತೆ ನಿಂತಳು.

"ಆರ್ಲೀನ್ ಅಜ್ಜಿಗೆ ನಿನ್ನೆ ಏನು ಹೇಳ್ದೆ ನೀನು?"

"ಏನು?"

"ಅಮ್ಮ ಎರಡು ಟೋಸ್ಟ್ ತಿಂದ್ಳು, ಆಮೇಲೆ ನಕ್ಕಳು ಅಂತ."

ಹೇಳಿದ್ದು ಹೌದು. ಕಾಫಿ ಕುಡಿಯುತ್ತಾ. "ಸುಳ್ಳು ಶುರು ಮಾಡಿದ್ದು ನೀನು ತಾನೇ?" ಅಂದೆ.

"ನಿನಗೋಸ್ಕರ ಕಣಪ್ಪಾ! ಆ ಅಜ್ಜಿ ಕೇಳಿದಾಗ ನಿನ್ನ ಮುಖ ನೋಡ್ಬೇಕಿತ್ತು. ಎಲ್ಲರ ಮುಂದೆ ಅತ್ತೇ ಬಿಡ್ತೀಯ ಅನ್ಕೊಂಡೆ."

"ನಾನು ನಿನಗೋಸ್ಕರ ಸುಮ್ನಿದ್ದೆ ಕಣೇ. ಅಮ್ಮ ಬೇಕು ಅನ್ನಿಸಿದೆ ಅಂತ."

"ಅಮ್ಮ ಬೇಕಾದ್ರೆ ಫೋನ್ ಮಾಡ್ತೀನಿ. ಅವಳೇನು ಸತ್ತಿಲ್ಲ."

ಒಂದಷ್ಟು ದೂರ ನಡೆದೆವು. ಆಮೇಲೆ ಮೀನಿನ ಪೊಟ್ಟಣ ಮುದ್ದೆ ಮಾಡಿ ಕಸದ ಡಬ್ಬಿಗೆ ಹಾಕುತ್ತಾ ಹೇಳಿದಳು. "ಟಕೋಮಾಗೆ ಹೋಗ್ಬೇಕು ಅಂತ ಹೊರಡೋಕ್ಮುಂಚೇನೇ ಅನ್ಕೊಂಡಿದ್ದೆ. ಈಗ ಹೇಗೆ ಹೋಗ್ಲಿ? ಇಲ್ಲದವಳಿಗೆ ಟೋಸ್ಟ್ ತಿನ್ನಿಸ್ತಾ ಕೂತಿರೋನನ್ನ ಬಿಟ್ಟು?"

ಅಂದರೆ ಉಳಿಯುತ್ತಾಳೆ. ನನಗೆ ಬೇಕಿದ್ದದ್ದೂ ಅದೇ. ಮಾರ್ಚಿನಿಂದ ಅದನ್ನೇ ಬೇಡಿಕೊಂಡಿದ್ದೇನೆ. ಆದರೆ ಹೀಗಾ? ಹದಿನೈದರ ಹುಡುಗಿ ನನ್ನ ಮುಖ ಕಾಯುತ್ತಾ, ಅಪ್ಪ ಅತ್ತಾನು ಎಂದು ಬೆಣ್ಣೆ ಸವರುತ್ತಾ... ಬಿಸಿ ತುಪ್ಪ. ನುಂಗಲಾರೆ, ಉಗುಳಲಾರೆ.

ಸುಮ್ಮನಿದ್ದರೆ ಸಾಕು, ಉಳಿಯುತ್ತಾಳೆ. ಬರೀ ಸುಮ್ಮನಿದ್ದರೆ.

ಜೂನ್ 28, ಶನಿವಾರ. ಕೊನೆಯ ಊಟ ಆಯಿತು

ಹೇಳಿಬಿಟ್ಟೆ. ವಾಯನ್ ಐದನೇ ಲೋಟಕ್ಕೆ ನೀರು ಬಗ್ಗಿಸಲು ಬಂದ. "ಬೇಡಪ್ಪಾ, ಆ ಕುರ್ಚಿ ತೆಗೆದುಬಿಡು" ಅಂದೆ. "ನನ್ನ ಹೆಂಡತಿ ಹಡಗು ಹತ್ತೇ ಇಲ್ಲ. ಮಾರ್ಚಿನಲ್ಲಿ ನನ್ನನ್ನ ಬಿಟ್ಟು ಹೋದಳು." ದನಿ ನಡುಗಲಿಲ್ಲ. ಅಳಲೂ ಇಲ್ಲ. ಮಾರ್ಗೋ ನೋಡುತ್ತಿದ್ದಳು. ನೋಡಲಿ ಎಂದೇ ಹೇಳಿದ್ದು.

ಆರ್ಲೀನ್ ಕೆಂಡಾಮಂಡಲ. "ಅಯ್ಯೋ ನಿನ್ನ! ದಿನಾ ಬೆಳಗ್ಗೆ ಎದ್ದು ಅವಳ ಹೊಟ್ಟೆಗೋಸ್ಕರ ಪ್ರಾರ್ಥನೆ ಮಾಡಿದೀನಿ ಕಣಯ್ಯಾ!"

ಡ್ವೇನ್ ಬೆರಳು ಮಡಿಸಿ ಲೆಕ್ಕ ಹಾಕಿದ. "ಹಾಗಾದ್ರೆ ವಾಯನ್ ದಿನಾ ಕೊಟ್ಟ ಅಷ್ಟು ಸೇಬು ಯಾರು ತಿಂದ್ರು?"

"ನಾನೇ" ಅಂದಳು ಮಾರ್ಗೋ. "ಈಗ ನಂಗೇ ಹೊಟ್ಟೆ ಕೆಟ್ಟಿದೆ."

ಮೊದಲು ನಕ್ಕವನು ವಾಯನ್. ಆಮೇಲೆ ಎಲ್ಲರೂ. ಆರ್ಲೀನ್ ನಗುತ್ತಲೇ ನನ್ನ ಬೆನ್ನಿಗೆ ಒಂದು ಬಲವಾಗಿ ಬಾರಿಸಿದಳು. ಇನ್ನೂ ಉರಿಯುತ್ತಿದೆ.

ಹೊರಗೆ ಬಂದಮೇಲೆ ಮಾರ್ಗೋಗೆ ಹೇಳಿದೆ, "ಹೋಗು ಮಗಳೇ. ಟಕೋಮಾಗೆ." ಅವಳು ಐಸ್‌ಕ್ರೀಮ್ ಯಂತ್ರದ ಕಡೆ ಹೋದಳು. ಇಬ್ಬರಿಗೂ ತಂದಳು. ಅದಕ್ಕೆ ಏನರ್ಥ? ನನಗೊಂದೂ ತಿಳಿಯುತ್ತಿಲ್ಲ.

ಜೂನ್ 29, ಭಾನುವಾರ. ಬೆಳಗ್ಗೆ, ಸಿಯಾಟಲ್

ಎಲ್ಲರೂ ಹಡಗಿನ ಸಭಾಂಗಣದಲ್ಲಿ ಕೂತಿದ್ದೇವೆ. ಗುಂಪು ಗುಂಪಾಗಿ ಕರೆದು ಇಳಿಸುತ್ತಾರೆ. ಜನೆಲ್ ಸಂದೇಶ ಕಳಿಸಿದ್ದಾಳೆ, ಕೆಳಗಿದ್ದಾಳಂತೆ. ಮಾರ್ಗೋ ಪಕ್ಕದಲ್ಲಿ.

ಈಗಷ್ಟೇ ಕೇಳಿದಳು, "ನಿಜ ಹೇಳು. ನಾನು ಹೋದ್ರೆ ಏನ್ಮಾಡ್ತೀಯ?"

"ಒಂದಷ್ಟು ದಿನ ಅಳ್ತೀನಿ. ಆಮೇಲೆ ಯಾರದ್ದೋ ಮನೆ ಹೀಟರ್ ಕೆಡುತ್ತೆ, ರಿಪೇರಿಗೆ ಹೋಗ್ತೀನಿ."

"ಟೋಸ್ಟು?"

"ನಾನೇ ತಿಂತೀನಿ."

ನನ್ನ ಮುಖವನ್ನೇ ನೋಡಿದಳು, ತುಂಬ ಹೊತ್ತು. "ಸರಿ. ಹಾಗಾದ್ರೆ ಹೋಗ್ತೀನಿ ಅಪ್ಪಾ."

ನಾನೇ ಹೇಳಿಕೊಟ್ಟ ಉತ್ತರ. ಇದು ಗೆದ್ದದ್ದೋ ಸೋತದ್ದೋ.

ನಮ್ಮ ಗುಂಪನ್ನು ಕರೆದರು. ಜನ ಎದ್ದರು. ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಾಳೆ. "ಬರೆದು ಮುಗ್ಸು, ಕಾಯ್ತೀನಿ" ಅಂದಳು.

ಬರೆಯುತ್ತಿದ್ದೇನೆ. ಹೊರಗೆ ಮಳೆ ಇಲ್ಲ. ಕಾರ್ಪೆಟ್ ನೀಲಿ. ಡ್ವೇನ್ ಅಲ್ಲಿಂದ ಕೈ ಬೀಸಿದ, ಆರ್ಲೀನ್ ಅಳುತ್ತಿದ್ದಾಳೆ. ಇನ್ನೇನು... ಕಾರ್ಪೆಟ್ ನೀಲಿ. ಅದನ್ನು ಬರೆದಾಯಿತು. ಅವಳು ಇನ್ನೂ ಕಾಯುತ್ತಿದ್ದಾಳೆ. ಇನ್ನೊಂದು ಸಾಲು. ಹೊರಗೆ ಮಳೆ ಇಲ್ಲ. ಹೊರಗೆ